ಎರಡು ಸಲ ಕರೆದ ಮೇಲೆ

ಅಪ್ಪ ಚಹಾವನ್ನು ಕಪ್ಪಿನಿಂದ ಬಸಿಗೆ ಬಗ್ಗಿಸುವಾಗ ನಾಲ್ಕು ಹನಿ ಬಸಿಯ ಆಚೆ ಮೇಜಿನ ಮೇಲೆ ಬಿದ್ದವು. ಅಮ್ಮ, ಆ ಮನೆಯ ಮಾತಿನಲ್ಲಿ ಆಯಿ, ಸೆರಗಿನ ತುದಿಯಿಂದ ಒರೆಸಿದಳು. ಒರೆಸಿದ ವೇಗ ನೋಡಿದರೆ ಚಹಾ ಬೀಳುವ ಮೊದಲೇ ಅವಳ ಕೈ ಸೆರಗು ಹಿಡಿದು ಕಾದಿತ್ತೇನೋ ಅನ್ನಿಸುವಂತಿತ್ತು. ಸಂಕೇತ ಎರಡನ್ನೂ ನೋಡಿದ, ನೋಡಿ ಕಿಟಕಿಯ ಕಡೆ ಮುಖ ತಿರುಗಿಸಿ ಮಳೆಯ ಬಗ್ಗೆ ಏನೋ ಅಂದ. ಮೂರು ದಿನಗಳಿಂದ ಹೀಗೇ ನಡೆದಿತ್ತು. ರಜೆಯೆಂದು ಹೇಳಿಕೊಂಡು ತೋಡೂರಿನ ಮನೆಗೆ ಬಂದ ಸಂಜೆಯೇ ಅಪ್ಪ ಮೆಟ್ಟಿಲ ಬದಿಯ ಬಕೆಟ್ಟನ್ನು ಎಡವಿದ್ದ. ಮರುದಿನ ಪೇಪರು ಹಿಡಿದು ಕೂತವನು ಅರ್ಧ ಗಂಟೆ ಪುಟ ಮಗುಚಿರಲಿಲ್ಲ. ಇವೆಲ್ಲ ಸಂಕೇತನ ಕಣ್ಣಿಗೆ ಬಿದ್ದಿದ್ದವು, ಬೀಳದೆ ಏನು, ನೋಡುವುದೇ ಅವನ ಕೆಲಸ, ಅದಕ್ಕೇ ಸಂಬಳ. ವಿಮಾನದ ಬಲಗಡೆಯ ಸೀಟಿನಲ್ಲಿ ಕೂತು ಅಂಕಿಗಳನ್ನೂ ಮುಳ್ಳುಗಳನ್ನೂ ಎಡಗಡೆ ಕೂತ ಕ್ಯಾಪ್ಟನ್ನಿನ ಕೈಗಳನ್ನೂ ನೋಡುತ್ತಿರುವುದು, ತಪ್ಪು ಕಂಡರೆ ಹೇಳುವುದು. ನೋಡುವುದರಲ್ಲಿ ಅವನ ಬಗ್ಗೆ ಯಾರೂ ದೂರಿದ್ದಿಲ್ಲ. ಹೇಳುವುದರಲ್ಲಿ ಅವನು ಒಂಬತ್ತು ದಿನಗಳ ಹಿಂದೆ ನಪಾಸಾಗಿದ್ದ, ಮತ್ತು ಆ ಸಂಗತಿಯನ್ನೂ ಈ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಪರೀಕ್ಷೆ ನಡೆದದ್ದು ಆಕಾಶದಲ್ಲಲ್ಲ. ದಿಲ್ಲಿಯ ಹೊರವಲಯದ ಒಂದು ಕಟ್ಟಡದಲ್ಲಿ, ಕಬ್ಬಿಣದ ಕಾಲುಗಳ ಮೇಲೆ ನಿಂತ ದೊಡ್ಡ ಡಬ್ಬಿಯೊಳಗೆ. ಸಿಮ್ಯುಲೇಟರ್ ಎಂದು ಅದರ ಹೆಸರು. ಹೊರಗಿನಿಂದ ನೀರಿನ ಟಾಕಿಯ ಹಾಗೆ ಕಂಡರೂ ಒಳಹೊಕ್ಕು ಬಾಗಿಲು ಹಾಕಿಕೊಂಡರೆ ವಿಮಾನದ ಮುಂಭಾಗವೇ. ಚಳಿಗಾಲದ ಮಂಜಿನಲ್ಲಿ, ರನ್‌ವೇ ಕಣ್ಣಿಗೆ ಬೀಳುವುದು ನೆಲ ಮುಟ್ಟುವ ಎರಡು ಉಸಿರಿನ ಮೊದಲು ಎನ್ನುವಂಥ ಹೊತ್ತಿನಲ್ಲಿ ವಿಮಾನ ಇಳಿಸುವುದಕ್ಕೆ ಬೇರೆಯೇ ಅರ್ಹತೆ ಬೇಕು. ಒಮ್ಮೆ ಸಿಕ್ಕರೆ ಕಾಯಂ ಅಲ್ಲ; ಮತ್ತೆ ಮತ್ತೆ ಆ ಡಬ್ಬಿಯಲ್ಲಿ ಕೂತು ಉಳಿಸಿಕೊಳ್ಳಬೇಕು. ಅಂಥ ಇಳಿಕೆಯಲ್ಲಿ ಆಡುವ ಮಾತುಗಳು ಮೊದಲೇ ಗೊತ್ತುಮಾಡಿದವು. ಇಷ್ಟು ಎತ್ತರಕ್ಕೆ ಬಂದೆವು ಎಂದು ಸಹಪೈಲಟ್ ಕೂಗಬೇಕು. ಇಳಿಯುತ್ತೇನೆ ಎಂದೋ, ಇಲ್ಲ ಮೇಲಕ್ಕೆ ಎತ್ತುತ್ತೇನೆ ಎಂದೋ ಕ್ಯಾಪ್ಟನ್ ಹೇಳಬೇಕು. ಎರಡೂ ಹೇಳದೆ ಸುಮ್ಮನಿದ್ದರೆ ಆ ಮನುಷ್ಯನಿಗೆ ಏನೋ ಆಗಿದೆ ಎಂದೇ ಲೆಕ್ಕ. ಎರಡು ಸಲ ಕರೆಯಬೇಕು, ಉತ್ತರ ಬಾರದಿದ್ದರೆ ಸಹಪೈಲಟ್ ವಿಮಾನವನ್ನು ತನ್ನ ಕೈಗೆ ತೆಗೆದುಕೊಂಡು ಮೇಲಕ್ಕೆ ಎತ್ತಬೇಕು. ಮೂರನೆಯ ಸಲ ಕರೆಯುವುದಕ್ಕೆ ಸಮಯವೇ ಇರುವುದಿಲ್ಲ. ಇದನ್ನು ಸಂಕೇತ ಬಾಯಿಪಾಠ ಮಾಡಿದ್ದ, ಹೊಸಬರಿಗೆ ಹೇಳಿಕೊಟ್ಟೂ ಇದ್ದ.

ಆ ದಿನ ಪರೀಕ್ಷಕರು ಕ್ಯಾಪ್ಟನ್ನಿಗೆ ಗುಟ್ಟಾಗಿ, ಸತ್ತವರಂತೆ ಕೂತುಬಿಡಿ ಎಂದು ಹೇಳಿದ್ದರು. ಸಂಕೇತ ಎತ್ತರ ಕೂಗಿದ. ಕ್ಯಾಪ್ಟನ್ ಎದುರಿನ ಬೂದು ಪರದೆಯನ್ನು ನೋಡುತ್ತ ಕೂತರು. ಅವರ ಕಿವಿಯ ಹತ್ತಿರದ ನರೆಗೂದಲು, ಮುಚ್ಚಿದ ತುಟಿ, ಮೊಣಕಾಲ ಮೇಲಿಟ್ಟ ದೊಡ್ಡ ಕೈ, ಇವು ಈಗಲೂ ಅವನಿಗೆ ಕಾಣುತ್ತವೆ. ವಿಮಾನ ನಿಧಾನವಾಗಿ ಗೆರೆ ಬಿಟ್ಟು ಎಡಕ್ಕೆ ಸರಿಯತೊಡಗಿತ್ತು. "ಸರ್," ಅಂದ. "ಸರ್?" ಅಂದ. ಮತ್ತೊಮ್ಮೆ ಅಂದ. ನಾಲ್ಕನೆಯ ಸಲ ಅವರ ಅಂಗಿಯ ತೋಳನ್ನು ಎರಡು ಬೆರಳಿನಿಂದ ಮುಟ್ಟಿದ. ಪರೀಕ್ಷಕರು ಹಿಂದಿನಿಂದ ಗುಂಡಿ ಒತ್ತಿ ಎಲ್ಲವನ್ನೂ ನಿಲ್ಲಿಸಿದಾಗ ರನ್‌ವೇಯ ದೀಪಗಳು ಬಲಕ್ಕೆ ಉಳಿದು ಎದುರಿಗೆ ಬರೀ ಹುಲ್ಲಿತ್ತು. "ಎಷ್ಟು ಸಲ ಕರೆದಿರಿ?" ಎಂದು ಅವರು ಕೇಳಿದರು. ನಾಲ್ಕು ಅಂದ. "ಅದು ಕರೆದದ್ದಲ್ಲ. ನೀವು ಅಪ್ಪಣೆ ಕೇಳುತ್ತಿದ್ದಿರಿ." ಅಷ್ಟು ಹೇಳಿ ಅವರು ಕಾಗದ ತುಂಬಿದರು. ಸತ್ತಂತೆ ಕೂತಿದ್ದ ಕ್ಯಾಪ್ಟನ್ ಈಗ ಎದ್ದು ಅವನ ಬೆನ್ನು ತಟ್ಟಿ, ಕಾಫಿ ಕುಡಿಯೋಣ ನಡಿ ಎಂದರು. ಆ ಕರುಣೆಯನ್ನು ತಡೆದುಕೊಳ್ಳುವುದೇ ಅವನಿಗೆ ಹೆಚ್ಚು ಕಷ್ಟವಾಯಿತು. ಸೋಮವಾರ ಮತ್ತೊಂದು ಅವಕಾಶವಿತ್ತು. ಅದರಲ್ಲೂ ಹೀಗೇ ಆದರೆ ಕ್ಯಾಪ್ಟನ್ ಆಗುವವರ ಪಟ್ಟಿಯಿಂದ ಹೆಸರು ಹೋಗುತ್ತಿತ್ತು, ಮತ್ತು ಹೋಗಬೇಕಾದದ್ದೇ ಸರಿ ಎಂದು ಅವನಿಗೆ ರಾತ್ರಿಯೆಲ್ಲ ಅನ್ನಿಸಿತ್ತು. ಇವತ್ತು ಗುರುವಾರ.

"ಇವತ್ತೇ ಹೋಗಿ ಬಂದ್ಬಿಡ್ವಾ," ಎಂದ ಅಪ್ಪ, ಬಸಿಯನ್ನು ಕೆಳಗಿಡುತ್ತ. "ತುಳಸಿದಾಸ ಡಾಕ್ಟರು ಗುರುವಾರ ಅಂಕೋಲೆಲೇ ಇರ್ತಾರೆ. ನೀ ಸಂಗಡ ಬಂದ್ರೆ ಸಾಕು. ಎರಡು ಮಾತಾಡೂದಿಲ್ಲ, ಸಹಿ ಹಾಕ್ತಾರೆ."

ಅಪ್ಪನ ಲೈಸೆನ್ಸಿನ ಅವಧಿ ಈ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಹೊಸತು ಮಾಡಿಸಲು ಕಾರವಾರದ ಆರ್‌ಟಿಓ ಕಚೇರಿಗೆ ಡಾಕ್ಟರ ಪ್ರಮಾಣಪತ್ರ ಕೊಡಬೇಕಿತ್ತು, ಕಣ್ಣು ಚೆನ್ನಾಗಿದೆ, ಕೈಕಾಲು ಗಟ್ಟಿಯಿದೆ ಎಂದು. ಮಂಗೇಶ ಡ್ರೈವರ್ ಎಂದರೆ ಕಾರವಾರದಿಂದ ಅಂಕೋಲೆಯವರೆಗೆ ಗೊತ್ತಿಲ್ಲದವರಿಲ್ಲ. ಮೂವತ್ತೊಂದು ವರ್ಷ ಸರಕಾರಿ ಬಸ್ಸು ಓಡಿಸಿ ಒಂದು ಕೋಳಿಯನ್ನೂ ಕೊಂದವನಲ್ಲ ಎಂದು ನಿವೃತ್ತಿಯ ದಿನ ಡಿಪೋದಲ್ಲಿ ಭಾಷಣವಾಗಿತ್ತು. ಈಗ ಒಂದು ಬಿಳಿ ಓಮ್ನಿ ಇಟ್ಟುಕೊಂಡಿದ್ದ. ಬೇಕೆಂದು ಕೇಳಿದವರನ್ನು ಆಸ್ಪತ್ರೆಗೆ, ಸ್ಟೇಷನ್ನಿಗೆ ಬಿಟ್ಟುಬರುತ್ತಿದ್ದ. ಅದು ಹೋದರೆ ಅಪ್ಪನಿಗೆ ಬೆಳಿಗ್ಗೆ ಎದ್ದು ಅಂಗಿ ಹಾಕಿಕೊಳ್ಳಲು ಕಾರಣವೇ ಇರುವುದಿಲ್ಲ ಎಂದು ಸಂಕೇತನಿಗೆ ಗೊತ್ತಿತ್ತು.

"ಕಣ್ಣು ನೋಡೂದಿಲ್ವಾ ಅವ್ರು?" ಎಂದ, ಆದಷ್ಟು ಹಗುರಾಗಿ.

"ಈ ರಸ್ತೆಲಿ ಬಸ್ಸು ಹೊಡೆದವನ ಕಣ್ಣು ಎಂತ ನೋಡೂದು? ಅದ್ರ ಮೇಲೆ ನೀ ಇದ್ದಿ. ಕ್ಯಾಪ್ಟನ್ನಿನ ಅಪ್ಪ."

"ನಾ ಇನ್ನೂ ಕ್ಯಾಪ್ಟನ್ ಆಗ್ಲಿಲ್ಲ ಅಪ್ಪಾ."

"ಆಗ್ತಿ. ಇವತ್ತಲ್ಲ ನಾಳೆ," ಎಂದು ಅಪ್ಪ ಎದ್ದ. ಎದ್ದವನು ಬಾಗಿಲಿನ ಚೌಕಟ್ಟನ್ನು ಕೈಯಿಂದ ಮುಟ್ಟಿ, ಅಲ್ಲಿದೆ ಎಂದು ಖಾತ್ರಿ ಮಾಡಿಕೊಂಡು ದಾಟಿದ. ಆಯಿ ಪಾತ್ರೆ ತೊಳೆಯುತ್ತ ನಿಂತಿದ್ದಳು. ಸಂಕೇತನತ್ತ ಒಮ್ಮೆ ನೋಡಿದಳು. ಅದರಲ್ಲಿ ಒಂದು ಬೇಡಿಕೆ ಇತ್ತು, ಆದರೆ ಹೇಳು ಎಂದೋ, ಹೇಳಬೇಡ ಎಂದೋ ಅವನಿಗೆ ಗೊತ್ತಾಗಲಿಲ್ಲ. ಗೊತ್ತುಮಾಡಿಕೊಳ್ಳುವ ಗೋಜಿಗೂ ಅವನು ಹೋಗಲಿಲ್ಲ.

ಗಾಡಿಯ ಹತ್ತಿರ ಬಂದಾಗ, ನಾನೇ ಹೊಡೆಯಲಾ ಎಂದು ಕೇಳಿದ. ನಿನ್ನದು ಮೇಲಿನ ರಸ್ತೆ, ಕೆಳಗಿನದು ನನಗಿರಲಿ ಎಂದು ಅಪ್ಪ ನಕ್ಕ. ಒಂದು ಸಲ ಕೇಳಿದ್ದಾಯಿತಲ್ಲ ಎಂಬ ಸಮಾಧಾನದಲ್ಲಿ ಸಂಕೇತ ಎಡಗಡೆ ಕೂತ. ಆಯಿ ದಿನಾ ಕೂರುತ್ತಿದ್ದ ಸೀಟು ಅದು. ಅಂಕೋಲೆ ಪೇಟೆಯಲ್ಲಿ ಏನೋ ಕೊಳ್ಳುವುದಿದೆ ಎಂದು ಅವಳೂ ಹೊರಟಿದ್ದಳು. ಎಂಥ ಮಳೆಯಿದ್ದರೂ ಅಪ್ಪನ ಗಾಡಿ ಹೊರಟರೆ ಅವಳೂ ಹೊರಡುತ್ತಾಳೆ, ಎರಡು ವರ್ಷದಿಂದ ಗಂಗೂಬಾಯಿಗೆ ತಿರುಗಾಟದ ಹುಚ್ಚು ಹಿಡಿದಿದೆ ಎಂದು ಪಕ್ಕದ ಮನೆಯವರು ನಿನ್ನೆಯಷ್ಟೇ ತಮಾಷೆ ಮಾಡಿದ್ದರು. ಇವತ್ತು ಮಗನಿಗೆ ಸೀಟು ಬಿಟ್ಟು ಹಿಂದೆ ಹೋದಳು. ಹೋಗುವಾಗ ಬಾಗಿಲಿನ ಹತ್ತಿರ ಒಂದು ಗಳಿಗೆ ನಿಂತಳು, ಅವನು ಅದನ್ನು ಸೊಂಟನೋವು ಎಂದುಕೊಂಡ.

ಹೆದ್ದಾರಿಗೆ ಬಂದಾಗ ಮಳೆ ಜೋರಾಯಿತು. ಎಡಕ್ಕೆ ಗುಡ್ಡದಿಂದ ಕೆಂಪು ನೀರು ಇಳಿಯುತ್ತಿತ್ತು. ಅಪ್ಪ ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು, ಕತ್ತು ನೆಟ್ಟಗಿಟ್ಟು, ಎದುರನ್ನೇ ನೋಡುತ್ತಿದ್ದ. ಚಿಕ್ಕಂದಿನಲ್ಲಿ ಬಸ್ಸಿನ ಇಂಜಿನ್ ಮುಚ್ಚಳದ ಮೇಲೆ ಕೂತು ನೋಡಿದ ಭಂಗಿಯೇ. ಆಗ ರಜೆಯಲ್ಲಿ ಅಪ್ಪ ಅವನನ್ನು ಜೊತೆಗೆ ಕರೆದೊಯ್ಯುತ್ತಿದ್ದ, ಇಂಜಿನ್ನಿನ ಬಿಸಿ ಚಡ್ಡಿಯೊಳಗೆ ಏರುತ್ತಿತ್ತು, ತಲೆಯ ಮೇಲೆ ಬಿಳಿ ಅಕ್ಷರದಲ್ಲಿ ಚಾಲಕರೊಂದಿಗೆ ಮಾತನಾಡಬಾರದು ಎಂದು ಬರೆದಿತ್ತು. ಅವನು ಓದಲು ಕಲಿತ ಮೊದಲ ವಾಕ್ಯ ಅದೇ ಇರಬೇಕು. ಒಮ್ಮೆ ಬಿಣಗಾ ದಾಟುವಾಗಲೇ ಒಂದಕ್ಕೆ ಬಂದಿತ್ತು. ಅರ್ಗಾ ಬಂತು, ತಮ್ಮ ಹಳೆಯ ಮನೆಯ ಜಾಗವನ್ನೂ ನುಂಗಿದ ನೌಕಾನೆಲೆಯ ಉದ್ದದ ಗೋಡೆ ಬಂತು, ಯಾವಾಗಿನಂತೆ ಅಪ್ಪ ಅದರ ಕಡೆ ತಿರುಗದೆ ಗೇರು ಬದಲಿಸಿದ. ಸಂಕೇತ ತೊಡೆಗೆ ತೊಡೆ ಒತ್ತಿ ಕೂತ. ಹೇಳಿದ್ದರೆ ಅಪ್ಪ ಬಸ್ಸು ನಿಲ್ಲಿಸುತ್ತಿದ್ದ, ಅದರಲ್ಲಿ ಸಂಶಯವಿರಲಿಲ್ಲ. ಆದರೂ ಹೇಳಲಿಲ್ಲ. ಅವರ್ಸಾದ ಹತ್ತಿರ ಚಡ್ಡಿ ಒದ್ದೆಯಾಗಿ ಇಂಜಿನ್ನಿನ ಮೇಲಿಂದ ವಾಸನೆ ಎದ್ದಾಗ ಮುಂದಿನ ಸೀಟಿನ ಹೆಂಗಸರು ಸೆರಗು ಮೂಗಿಗೆ ಹಿಡಿದು ನಕ್ಕರು. ಅಪ್ಪ ಒಂದು ಮಾತೂ ಆಡಲಿಲ್ಲ. ಅಂಕೋಲೆಯಲ್ಲಿ ಇಳಿದು, ಅಂಗಡಿಯಿಂದ ಒಂದು ನೀಲಿ ಚಡ್ಡಿ ತಂದು ಕೊಟ್ಟು, ಬಸ್ಸಿನ ಹಿಂದೆ ಹೋಗಿ ಹಾಕಿಕೋ ಎಂದು ಕೈ ತೋರಿಸಿದ. ಬೈದಿದ್ದರೆ ಅದು ಅಲ್ಲಿಗೆ ಮುಗಿಯುತ್ತಿತ್ತು ಎಂದು ಸಂಕೇತನಿಗೆ ಮೂವತ್ತೈದನೆಯ ವಯಸ್ಸಿನಲ್ಲೂ ಅನ್ನಿಸುತ್ತದೆ.

"ಎದುರಿಂದ ಟ್ಯಾಂಕರು ಬರ್ತಾ ಉಂಟು. ಗೋವಾದ್ದು ಕಾಣ್ತದೆ," ಎಂದಳು ಆಯಿ ಹಿಂದಿನಿಂದ. "ಎಷ್ಟು ಜೋರು ಬರ್ತಾನೆ ನೋಡಿ." ಸ್ವಲ್ಪ ಹೊತ್ತಿಗೆ, "ಎಡಬದಿಗೆ ದನ ಮಲಗಿವೆ. ಯಾರ ಮನೇದೋ, ಕಟ್ಟಿಹಾಕೂದೇ ಇಲ್ಲ." ಅಪ್ಪ ಹುಂ ಎಂದು ಗಾಡಿಯನ್ನು ಬಲಕ್ಕೆ ತಂದ. "ಇಲ್ಲಿ ಮತ್ತೆ ರಸ್ತೆ ಅಗೆದಿದ್ದಾರೆ, ಕಲ್ಲು ಸಾಲು ಇಟ್ಟಿದ್ದಾರೆ." ಅಪ್ಪ ಹುಂ ಎಂದು ನಿಧಾನ ಮಾಡಿದ. ಹಟ್ಟಿಕೇರಿ ಟೋಲ್ ದಾಟುವ ತನಕ ಅವಳ ಬಾಯಿ ನಿಲ್ಲಲಿಲ್ಲ. ಬೈಕಿನವನು ರೇನ್‌ಕೋಟು ಹಾಕಿಲ್ಲ, ಹುಡುಗಿಯರು ಒಂದೇ ಕೊಡೆಯಲ್ಲಿ ಮೂರು ಜನ, ಅದು ಯಾರ ರಿಕ್ಷಾ, ಪುಟ್ಟುವಿನದಿರಬೇಕು. ಹಿಂದಿನ ಸೀಟಿನ ಮಾತು ಮುಂದೆ ತಲುಪಲೆಂದು ಅವಳು ಎರಡು ಸೀಟುಗಳ ನಡುವೆ ತಲೆ ತೂರಿಸಿದ್ದಳು, ಮಾತಿನ ಉಗುಳು ಸಂಕೇತನ ಕಿವಿಗೆ ತಾಗುತ್ತಿತ್ತು. ಅವನಿಗೆ ರೇಗಿತು. ಒಂಬತ್ತು ದಿನಗಳಿಂದ ಕೂಡಿಟ್ಟಿದ್ದ ರೇಗು ಅದು, ಹೊರಗೆ ಬರಲು ಸುಲಭದ ದಾರಿಯೊಂದನ್ನು ಹುಡುಕುತ್ತಿತ್ತು, ಸಿಕ್ಕಿತು.

"ಆಯಿ, ಸ್ವಲ್ಪ ಸುಮ್ಮಂಗೆ ಕೂತ್ಕಳೇ. ಗಾಡಿ ಹೊಡ್ಯೂವವ್ರ ತಲೆ ತಿನ್ನೂಕಾಗ. ನಮ್ಮಲ್ಲಿ ಹತ್ತು ಸಾವಿರ ಅಡಿಯಿಂದ ಕೆಳಗೆ ಬಂದ್ರೆ ಕೆಲಸದ ಮಾತು ಬಿಟ್ಟು ಒಂದು ಶಬ್ದ ಆಡೂ ಹಾಂಗಿಲ್ಲ. ಅದೇ ಕಾನೂನು."

"ಹೌದನಾ," ಎಂದಳು ಆಯಿ.

ಅಪ್ಪನ ಎಡಗೈ ಸ್ಟೇರಿಂಗಿನ ಮೇಲೆ ಒಮ್ಮೆ ಸಡಿಲವಾಗಿ ಮತ್ತೆ ಬಿಗಿಯಾಯಿತು. ಆಯಿ ತಲೆ ಹಿಂದಕ್ಕೆ ತೆಗೆದುಕೊಂಡು, ಸೀಟಿಗೆ ಒರಗಿ ಕೂತಳು. ಗಾಡಿಯಲ್ಲಿ ವೈಪರಿನ ಸದ್ದು ಮಾತ್ರ ಉಳಿಯಿತು. ತನ್ನ ಮಾತು ನಡೆಯಿತೆಂಬ ಚಿಕ್ಕ ಸಂತೋಷ ಸಂಕೇತನಿಗಾಯಿತು. ಆ ಸಂತೋಷವನ್ನು ನೆನೆದು ಅವನು ಮುಂದೆ ಬಹಳ ದಿನ ನಾಚಿಕೊಳ್ಳಲಿದ್ದ.

ಮೊದಲು ಗಾಡಿ ಎಡ ಅಂಚಿನ ಬಿಳಿಗೆರೆಯ ಮೇಲೆ ಹತ್ತಿತು. ಆಮೇಲೆ ಇಳಿಯಿತು. ಸ್ವಲ್ಪ ದೂರ ಹೋಗಿ ಮತ್ತೆ ಹತ್ತಿತು. ಮುಂದೆ ಹೋಗುತ್ತಿದ್ದ ಲಾರಿಯ ಕೆಂಪು ದೀಪ ಹೊತ್ತಿದ್ದು ಸಂಕೇತನಿಗೆ ಕಂಡಿತು, ಅಪ್ಪನ ಕಾಲು ಬ್ರೇಕಿಗೆ ಹೋದದ್ದು ಎಷ್ಟೋ ತಡವಾಗಿ. ಹಿಂದಿನಿಂದ ಆಯಿ ಬಾಯಿ ತೆರೆದು, ಶಬ್ದ ಹೊರಡುವ ಮೊದಲೇ ಮುಚ್ಚಿಕೊಂಡ ಉಸಿರು ಅವನಿಗೆ ಕೇಳಿಸಿತು. ಆಗ ತಿಳಿಯಿತು. ಅವಳು ಹರಟೆ ಹೊಡೆಯುತ್ತಿರಲಿಲ್ಲ. ಎಡಬದಿಯ ದನ, ಅಗೆದ ರಸ್ತೆ, ಪುಟ್ಟುವಿನ ರಿಕ್ಷಾ, ಒಂದೊಂದೂ ಅಪ್ಪನ ಕಣ್ಣಿಗೆ ಕೊಟ್ಟ ಸುದ್ದಿ. ಎರಡು ವರ್ಷದಿಂದ ಈ ಹೆಂಗಸು ಎಡಗಡೆಯ ಸೀಟಿನಲ್ಲಿ ಕೂತು, ಗಂಡನ ಮಾನಕ್ಕೆ ಕುಂದಾಗದ ಹಾಗೆ, ಊರ ಸುದ್ದಿ ಹೇಳಿದಂತೆ ಮಾಡಿ ದಾರಿಯನ್ನೆಲ್ಲ ಓದಿ ಹೇಳುತ್ತಿದ್ದಳು. ಅಪ್ಪ ಹುಂ ಎನ್ನುತ್ತಿದ್ದುದು ಉತ್ತರವಾಗಿತ್ತು. ಯಾವ ಶಾಲೆಯಲ್ಲೂ ಕಲಿಯದೆ ಅವರಿಬ್ಬರು ಕಟ್ಟಿಕೊಂಡ ಆ ಕೆಲಸವನ್ನು ತಾನು ಕಾನೂನು ಹೇಳಿ ನಿಲ್ಲಿಸಿದ್ದ. ಈಗ ಗಾಡಿಯ ಮುಂದಿನ ಸೀಟಿನಲ್ಲಿ ನೋಡುವ ಕಣ್ಣು ಅವನದೊಂದೇ ಇತ್ತು. ಮಾತಾಡು ಆಯಿ ಎಂದು ಹೇಳಿದರೆ ಗೊತ್ತಾಯಿತು ಎಂದು ಒಪ್ಪಿದಂತೆ. ನಿಲ್ಲಿಸು ಅಪ್ಪಾ ಎಂದರೆ ಅಪ್ಪನ ಮೂವತ್ತೊಂದು ವರ್ಷಕ್ಕೆ ಈ ಮಳೆಯಲ್ಲಿ ಮುಖಕ್ಕೆ ಹೊಡೆದಂತೆ. ಅಂಕೋಲೆ ಇನ್ನು ಹತ್ತು ನಿಮಿಷ, ಅಷ್ಟರಲ್ಲಿ ಏನೂ ಆಗಲಿಕ್ಕಿಲ್ಲ, ಅಲ್ಲಿ ಇಳಿದ ಮೇಲೆ ಮೆಲ್ಲಗೆ ಹೇಳಿದರಾಯಿತು ಎಂದು ಅವನು ಲೆಕ್ಕ ಹಾಕಿದ.

ಅವರ್ಸಾ ಸಮೀಪಿಸಿದಾಗ ಸಂಕೇತನಿಗೆ ರಸ್ತೆಯಲ್ಲಿ ಒಬ್ಬಳು ಕಂಡಳು. ನೀಲಿ ಪ್ಲಾಸ್ಟಿಕ್ಕಿನ ಕೊಪ್ಪೆ ತಲೆಯಿಂದ ಮೊಣಕಾಲಿನವರೆಗೆ ಹೊದ್ದ ಹೆಂಗಸು, ಕಾಲ ಬಳಿ ಒಂದು ಬುಟ್ಟಿ. ರಸ್ತೆಯಂಚಿನ ಗಟಾರ ತುಂಬಿ ಹರಿಯುತ್ತಿದ್ದುದರಿಂದ ಬಿಳಿಗೆರೆಯ ಒಳಗೇ ನಿಂತಿದ್ದಳು. ಇನ್ನೂ ಮೂರು ದೀಪದ ಕಂಬಗಳಷ್ಟು ದೂರ. ಗಾಡಿ ಗೆರೆಯ ಮೇಲೆ ಹತ್ತಿ, ಇಳಿಯಲಿಲ್ಲ. ಅಪ್ಪನ ಕತ್ತು ನೆಟ್ಟಗೇ ಇತ್ತು. "ಅಪ್ಪಾ," ಎಂದ ಸಂಕೇತ. ತನ್ನ ದನಿ ತನಗಷ್ಟೇ ಕೇಳಿಸುವಷ್ಟು ಮೆಲ್ಲಗೆ. ಎರಡು ಕಂಬ. ಹೆಂಗಸು ತಲೆ ಎತ್ತಿ ಗಾಡಿಯನ್ನು ನೋಡಿದಳು, ಆದರೆ ಸರಿಯಲಿಲ್ಲ. "ಅಪ್ಪಾ?" ಎಂದ. ಅವನ ಬಲಗೈ ಸೀಟುಗಳ ನಡುವಿನ ಹ್ಯಾಂಡ್‌ಬ್ರೇಕಿನ ಮೇಲಿತ್ತು, ಅದರ ತಣ್ಣಗಿನ ಗುಂಡಿ ಹೆಬ್ಬೆರಳಿಗೆ ತಾಗಿತ್ತು, ಎತ್ತಬೇಕಿತ್ತು, ಎತ್ತಲಿಲ್ಲ. ಅಪ್ಪನಿಗೆ ಈಗ ಕಾಣುತ್ತದೆ, ಈಗ ಕಾಣುತ್ತದೆ ಎಂದು ಅವನು ಕಾಯುತ್ತಿದ್ದ.

"ಹೆಣ್ಮಗಳು ಎಡಕ್ಕೆ, ಹೆಣ್ಮಗಳು," ಎಂದು ಆಯಿ ಕಿರುಚಿದಳು.

ಅಪ್ಪ ಸ್ಟೇರಿಂಗನ್ನು ಬಲಕ್ಕೆ ಎಳೆದು ಬ್ರೇಕು ತುಳಿದ. ಗಾಡಿಯ ಹಿಂಭಾಗ ಜಾರಿ, ಓರೆಯಾಗಿ, ಒಂದು ಸಲ ಎಗರಿ ನಿಂತಿತು. ಸಂಕೇತನ ಕಿಟಕಿಯ ಗಾಜಿಗೆ ತಾಗಿಕೊಂಡೇ ನೀಲಿ ಪ್ಲಾಸ್ಟಿಕ್ಕು ಇತ್ತು. ಅದರೊಳಗಿನ ಮುಖ ಬಗ್ಗಿ ಒಳಗೆ ನೋಡಿತು. ವಯಸ್ಸಾದ ಮುಖ, ನಗುತ್ತಿತ್ತು.

"ಡ್ರೈವರಣ್ಣಾ, ನಾನು, ಶಂಕರಿ," ಎಂದಳು, ಅವನು ಗಾಜು ಇಳಿಸುತ್ತಿದ್ದಂತೆ. "ನಿಮ್ಮ ಗಾಡಿ ಅಂತ ದೂರದಿಂದ್ಲೇ ಗೊತ್ತಾಯ್ತು. ನನ್ನ ಹತ್ಸ್ಕಳ್ಳೂಕೇ ಹತ್ರ ತರ್ತಾ ಇದ್ರಿ ಅಂದ್ಕಂಡೆ. ಬೇರೆಯವ್ರಾಗಿದ್ರೆ ಗಟಾರಕ್ಕೆ ಹಾರ್ತಿದ್ದೆ. ನೀವಲ್ವಾ, ಅದ್ಕೇ ಸರೀಲಿಲ್ಲ."

ಆಯಿ ಬಾಗಿಲು ಸರಿಸಿ ಅವಳನ್ನು ಹತ್ತಿಸಿಕೊಂಡಳು. ಬುಟ್ಟಿಯಲ್ಲಿ ಬಸಳೆಯ ಕಟ್ಟುಗಳಿದ್ದವು, ಅಂಕೋಲೆಯ ಪೇಟೆಗೆ. ಬಸ್ಸಿನ ಕಾಲದಲ್ಲಿ ಡ್ರೈವರಣ್ಣ ಸ್ಟಾಪಿಲ್ಲದ ಕಡೆಯೂ ತನಗಾಗಿ ನಿಲ್ಲಿಸುತ್ತಿದ್ದ ಕತೆಯನ್ನು ಶಂಕರಿ ಕೊಪ್ಪೆ ಮಡಚುತ್ತ ಆಯಿಗೆ ಹೇಳತೊಡಗಿದಳು. ಅಪ್ಪ ಸ್ಟೇರಿಂಗಿನಿಂದ ಒಂದು ಕೈ ತೆಗೆದು ತೊಡೆಯ ಮೇಲೆ ಇಟ್ಟು ಇನ್ನೊಂದು ಕೈಯಿಂದ ಮುಚ್ಚಿದ.

"ಎಂಥ ಮಳೆ," ಎಂದ ಅಪ್ಪ, ಎಲ್ಲರಿಗೂ ಕೇಳುವಂತೆ. "ಸಂಕೇತಂಗೂ ಕಾಣ್ಲಿಲ್ಲ. ಅಲ್ವನಾ ತಮಾ? ವಿಮಾನ ಹೊಡ್ಯೂ ಕಣ್ಣಿಗೇ ಕಾಣ್ಲಿಲ್ಲ ಅಂದ್ರೆ ಮತ್ತೆ ನಮ್ಮಂಥವ್ರದ್ದೆಂತದು."

ಹಾಗೆ ಹೇಳಿ ಅವನತ್ತ ತಿರುಗಿದ. ಪೂರ್ತಿ ತಿರುಗಿದ, ಭುಜದ ಸಮೇತ, ಯಾಕೆಂದರೆ ಎದುರಿಗೆ ಬಂದದ್ದು ಮಾತ್ರ ಅವನಿಗೆ ಕಾಣುತ್ತಿತ್ತು. ಇಷ್ಟು ಹತ್ತಿರದಿಂದ ಅಪ್ಪನ ಕಣ್ಣನ್ನು ಸಂಕೇತ ಎಂದೂ ನೋಡಿರಲಿಲ್ಲ. ಹೌದು ಅನ್ನು ಎಂದು ಅದು ಬೇಡುತ್ತಿತ್ತು. ಹೌದು ಎಂದರೆ ಎಲ್ಲ ಸಲೀಸಾಗಿ ಮುಗಿಯುತ್ತಿತ್ತು. ತಪ್ಪು ಮಳೆಯದ್ದು. ಅಪ್ಪನ ಮಾನ ಉಳಿಯುತ್ತಿತ್ತು, ತನ್ನದೂ ಉಳಿಯುತ್ತಿತ್ತು. ಡಾಕ್ಟರು ಸಹಿ ಹಾಕುತ್ತಿದ್ದರು, ಆಯಿ ನಾಳೆ ಮತ್ತೆ ಎಡಗಡೆ ಕೂತು ದನ ಎಮ್ಮೆಗಳ ಸುದ್ದಿ ಹೇಳುತ್ತಿದ್ದಳು, ಯಾವುದಾದರೊಂದು ದಿನ ಅವಳಿಗೆ ಜ್ವರ ಬರುತ್ತಿತ್ತು, ಆ ದಿನವೂ ಶಂಕರಿಯಂಥವಳೊಬ್ಬಳು ಗಾಡಿಯ ಗುರುತು ಹಿಡಿದು ರಸ್ತೆಯಲ್ಲೇ ನಿಂತಿರುತ್ತಿದ್ದಳು. ಅಪ್ಪನನ್ನು ಸಂಕೇತ ಪ್ರೀತಿಸುತ್ತಿದ್ದ, ಅದನ್ನೂ ಎಂದೂ ಹೇಳಿದವನಲ್ಲ.

"ನಂಗೆ ಕಂಡಿತ್ತು," ಎಂದ.

ಶಂಕರಿಯ ಮಾತು ನಿಂತಿತು.

"ಮೂರು ಕಂಬದಾಚೆಯಿಂದ್ಲೇ ಕಂಡಿತ್ತು ಅಪ್ಪಾ. ಮಳೆಯದ್ದಲ್ಲ."

"ಮತ್ತೆ ಹೇಳ್ಬೇಕಾಗಿತ್ತಲ್ಲ."

"ಹೇಳ್ಬೇಕಾಗಿತ್ತು. ಹೇಳ್ಲಿಲ್ಲ. ದಿಲ್ಲಿಲೂ ಹಾಂಗೇ ಮಾಡ್ದೆ. ಮಂಜಲ್ಲಿ ಇಳಿಸೂ ಪರೀಕ್ಷೆಲಿ ಪಕ್ಕದವ್ರು ಸುಮ್ಮಂಗೆ ಕೂತ್ರು, ನಾನೂ ಸುಮ್ಮಂಗೆ ಕೂತೆ. ನಪಾಸು ಮಾಡಿದ್ರು. ಅದ್ಕೇ ಊರಿಗೆ ಬಂದದ್ದು, ರಜೆ ಎಂತದೂ ಇಲ್ಲ."

ಹಿಂದೆ ಆಯಿ ಅಯ್ಯೋ ಎಂದದ್ದು ಕೇಳಿಸಿತು. ಅಪ್ಪ ಮುಖ ತಿರುಗಿಸಿಕೊಂಡ. ಗಾಜಿನ ಮೇಲೆ ನೀರು ಇಳಿಯುತ್ತಿತ್ತು. ಹಿಂದಿನಿಂದ ಬಂದ ಬಸ್ಸೊಂದು ಉದ್ದಕ್ಕೆ ಹಾರ್ನ್ ಹೊಡೆದು ಅವರನ್ನು ಬಳಸಿಕೊಂಡು ಹೋಯಿತು. ಆಮೇಲೆ ಅಪ್ಪ, ಯಾರೂ ಏನೂ ಹೇಳಿಯೇ ಇಲ್ಲವೆಂಬಂತೆ, ಕೀಲಿ ತಿರುಗಿಸಿ ಗಾಡಿ ಚಾಲೂ ಮಾಡಿದ. ಗೇರಿನ ಮೇಲೆ ಕೈಯಿಟ್ಟ.

"ಅಪ್ಪಾ, ಇಳಿ. ನಾ ಹೊಡೀತೆ."

ಅಪ್ಪ ಉತ್ತರ ಕೊಡಲಿಲ್ಲ. ತುಟಿ ಬಿಗಿಯಾಗಿತ್ತು. ಕಿವಿಯ ಬಳಿ ನರೆಗೂದಲು ಬೆವರಿಗೆ ಅಂಟಿಕೊಂಡಿತ್ತು. ಗಾಡಿ ಒಂದು ಗೇಣು ಮುಂದಕ್ಕೆ ಸರಿಯಿತು.

"ಅಪ್ಪಾ, ನಿಲ್ಸು," ಎಂದ ಸಂಕೇತ. ಈ ಸಲ ಅವನ ದನಿ ಗಾಡಿಯ ತುಂಬ ಇತ್ತು. ಅದಕ್ಕೂ ಉತ್ತರವಿಲ್ಲ. ಸಂಕೇತ ಬಲಗೈಯಲ್ಲಿ ಹ್ಯಾಂಡ್‌ಬ್ರೇಕನ್ನು ಎಳೆದು, ಅಪ್ಪನ ಮೊಣಕಾಲಿನ ಮೇಲಿಂದ ಎಡಗೈ ಚಾಚಿ ಕೀಲಿಯನ್ನು ತಿರುಗಿಸಿ, ಕಿತ್ತು ಮುಷ್ಟಿಯಲ್ಲಿ ಹಿಡಿದುಕೊಂಡ. ಚಾಚುವಾಗ ಅವನ ತಲೆ ಅಪ್ಪನ ಎದೆಗೆ ತಾಗಿತ್ತು, ಆ ಎದೆ ಹೊಡೆದುಕೊಳ್ಳುತ್ತಿದ್ದುದು ಗೊತ್ತಾಯಿತು. ಒಂದೇ ಒಂದು ಏಟು ಬೀಳುತ್ತದೆಂದು ಅವನು ಕಾದ. ಬೀಳಲಿಲ್ಲ.

ಕೊನೆಗೆ ಅಪ್ಪ ಬಾಗಿಲು ತೆರೆದು ಮಳೆಯಲ್ಲಿ ಇಳಿದ. ಸಂಕೇತನೂ ಎಡಗಡೆಯಿಂದ ಇಳಿದ. ಅಪ್ಪ ಒಂದು ಕೈಯಿಂದ ಗಾಡಿಯ ಮೈ ಸವರುತ್ತ, ಅದನ್ನು ಬಿಡದೆ, ಮುಂಭಾಗವನ್ನು ಸುತ್ತಿ ಬರುತ್ತಿದ್ದ. ಸಂಕೇತ ಎದುರಿನಿಂದ ಹೋಗಿ ಬದಿಗೆ ನಿಂತ, ದಾರಿ ಬಿಡಲೆಂದು. ಅಪ್ಪ ಅವನಿಗೆ ಢಿಕ್ಕಿ ಹೊಡೆದ. ಹೊಡೆದು ಬೆಚ್ಚಿ, ಕೈ ಚಾಚಿ ಅವನ ಅಂಗಿಯನ್ನು, ಕುತ್ತಿಗೆಯನ್ನು ಮುಟ್ಟಿದ.

"ಯಾರು? ನೀನನಾ?"

"ನಾನೇ ಅಪ್ಪಾ."

ಅಪ್ಪನ ಕೈ ಅಲ್ಲೇ ನಿಂತಿತು. ಮಳೆ ಇಬ್ಬರ ತಲೆಯ ಮೇಲೂ ಸುರಿಯುತ್ತಿತ್ತು. ಗಾಜಿನ ಹಿಂದೆ ಆಯಿಯ ಮುಖವೂ ಶಂಕರಿಯ ಮುಖವೂ ಒಟ್ಟಿಗೆ ಕಾಣುತ್ತಿದ್ದವು.

"ಸಕ್ಕರೆ ಕಾಯಿಲೆ ಕಣ್ಣಿಗೆ ಹತ್ತಿದೆ ಅಂದ್ರು ಕಣ್ಣಿನ ಡಾಕ್ಟರು," ಎಂದ ಅಪ್ಪ. "ಎರಡು ವರ್ಷ ಆಯ್ತು. ಬದಿಯದ್ದು ಎಂತದೂ ಕಾಣೂದಿಲ್ಲ. ತುಳಸಿದಾಸ ಡಾಕ್ಟರಿಗೆ ಗೊತ್ತಿಲ್ಲ, ಅವ್ರು ನೋಡೂದೂ ಇಲ್ಲ." ಮತ್ತೆ ತಡೆದು, "ಅಲ್ಲಿ ಹೋದ್ಮೇಲೆ ನೀನೇ ಹೇಳು. ನನ್ನ ಬಾಯಲ್ಲಿ ಅದು ಬರೂದಿಲ್ಲ," ಎಂದ.

"ಹೇಳ್ತೆ," ಎಂದ ಸಂಕೇತ. ಮಳೆಯ ಸದ್ದಿನಲ್ಲಿ ಅದು ಅಪ್ಪನಿಗೆ ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದ.